ಅನೈಸ್ ಬಾಕ್ಸ್

ಸಂಜೆಯ ಇಂಗ್ಲಿಷ್ ಕ್ಲಾಸಿನ ಒಂದು ಪಾಠವೇ ಎಲ್ಲಕ್ಕೂ ಮೂಲ. "ನಮ್ಮಲ್ಲಿ ಸಂಧಿ ಇಲ್ವೇ? ಅವರೂ ಮಾತಾಡುವಾಗ ಪದಗಳನ್ನ ಅಂಟಿಸ್ತಾರೆ. ಹಿಂದಿನ ಪದದ ಕೊನೇ ವ್ಯಂಜನ ಮುಂದಿನ ಸ್ವರಕ್ಕೆ ಅಂಟ್ಕೊಳ್ಳುತ್ತೆ. ಬಿಡಿಸಿ ಅರ್ಥ ಮಾಡ್ಕೊಳ್ಳಿ," ಎಂದಿದ್ದರು ಮೇಷ್ಟ್ರು.

ಸೋಪು ಕಾರ್ಖಾನೆಯ ಉಗ್ರಾಣದ ಗುಮಾಸ್ತ ಅದನ್ನು ಮಂತ್ರದಂತೆ ಬಾಯಿಪಾಠ ಮಾಡಿದ. ತಿಂಗಳ ಕೊನೆಗೆ ಸ್ಟೋರ್ ಕೀಪರ್ ನಿವೃತ್ತರಾಗಲಿದ್ದರು. ಹನ್ನೊಂದು ವರ್ಷದಿಂದ ಆ ಕುರ್ಚಿಯ ಮೇಲೆ ಇವನ ಕಣ್ಣು. ಹೊಸ ಮ್ಯಾನೇಜರಿಗೋ ಇಂಗ್ಲಿಷ್ ಬಿಟ್ಟು ಬೇರೆ ಮಾತೇ ಬಾರದು.

ಮರುದಿನ ಬೆಳಿಗ್ಗೆ ಮ್ಯಾನೇಜರರ ಫೋನು ಬಂತು. ಆ ಮಾತಿನ ರಭಸದಲ್ಲಿ ಗುಮಾಸ್ತನ ಕಿವಿಗೆ ದಕ್ಕಿದ್ದು ಇಷ್ಟೇ: ಸ್ಟೋರ್ ಕೀಪರಿಗಾಗಿ 'ಅನೈಸ್ ಬಾಕ್ಸ್' ಬೇಕು, ನಾಲ್ಕು ಗಂಟೆಯೊಳಗೆ.

ಹಿಂದಿನ ದಿನವಾಗಿದ್ದರೆ 'ಅ ನೈಸ್ ಬಾಕ್ಸ್', ಅಂದರೆ ಚೆಂದದ ಪೆಟ್ಟಿಗೆ, ಎಂದುಕೊಂಡು ಉಡುಗೊರೆ ಅಂಗಡಿಗೆ ಹೋಗುತ್ತಿದ್ದ. ಈಗ ಸಂಧಿ ಬಿಡಿಸಿದ. ಅನ್, ಐಸ್, ಬಾಕ್ಸ್. ಐಸ್ ಪೆಟ್ಟಿಗೆ! ಹೆಣ ಇಡುವುದು! ಸ್ಟೋರ್ ಕೀಪರ್ ಜ್ವರವೆಂದು ಮೂರು ದಿನದಿಂದ ರಜೆಯಲ್ಲಿದ್ದರು. ಗುಮಾಸ್ತ ಓಡಿಹೋಗಿ ಆಫೀಸಿನವರಿಗೆ ಸುದ್ದಿ ಮುಟ್ಟಿಸಿದ.

"ಹೋಗ್ಬಿಟ್ರಾ?" ಟೈಪಿಸ್ಟ್ ಕರವಸ್ತ್ರ ತೆಗೆದಳು. "ಹೋದ ವಾರ ತಾನೇ ಅವರ ಹತ್ರ ಜಗಳ ಆಡಿದ್ದೆ."

"ಒಂದ್ಸಲ ಮನೆಗೆ ಫೋನ್ ಮಾಡಿ ಕೇಳೋಣ್ವಾ?" ಎಂದ ಗುಮಾಸ್ತ.

"ಏನಂತ ಕೇಳ್ತೀರಾ? ಯಜಮಾನ್ರು ಸತ್ರಾ ಅಂತಾನಾ?" ವ್ಯಾನ್ ಡ್ರೈವರ್ ಗದರಿದ. "ಮೊದ್ಲು ಪೆಟ್ಟಿಗೆ ತರೋಣ ನಡೀರಿ."

ಎರಡು ಗಂಟೆಗೆ ಐಸ್ ಪೆಟ್ಟಿಗೆ, ಹೂವಿನ ಹಾರ, ಹದಿನಾಲ್ಕು ಜನ ಸ್ಟೋರ್ ಕೀಪರರ ಮನೆ ಮುಂದೆ ಇಳಿದರು. ಗುಮಾಸ್ತನಿಗೆ ನಿಜಕ್ಕೂ ದುಃಖ ಉಕ್ಕಿ ಬಂದಿತ್ತು. ಬೈದರೂ ಕೆಲಸ ಕಲಿಸಿದವರು. ಬಿಕ್ಕುತ್ತಲೇ ಬಾಗಿಲು ತಟ್ಟಿದ.

ಬಾಗಿಲು ತೆರೆದವರು ಸ್ಟೋರ್ ಕೀಪರೇ. ಬಾಯಲ್ಲಿ ಥರ್ಮಾಮೀಟರ್ ಇತ್ತು.

ಪೆಟ್ಟಿಗೆ ಹೊತ್ತ ನಾಲ್ವರು ಬಾಗಿಲಲ್ಲಿ ಸಿಕ್ಕಿಕೊಂಡ ಬೀರುವಿನಂತೆ ನಿಂತುಬಿಟ್ಟರು. ಒಳಗಿಂದ ಸ್ಟೋರ್ ಕೀಪರರ ಹೆಂಡತಿ ಬಂದು ಹಾರ ನೋಡಿದರು, ಪೆಟ್ಟಿಗೆ ನೋಡಿದರು. "ಯಾರಿಗ್ರೀ ಇದು?" ಎಂದು ಮೆಲ್ಲಗೆ ಕೇಳಿದರು. ಶುರುವಾದ ಅಳು ನಿಲ್ಲಿಸಲಾಗದೆ ಟೈಪಿಸ್ಟ್, "ನೀವಿಲ್ದೆ ಅದೆಂಥಾ ಸ್ಟೋರು ಸಾರ್!" ಎಂದು ಗೋಳಾಡಿದಳು. ಸ್ಟೋರ್ ಕೀಪರ್ ಎಲ್ಲರ ಒದ್ದೆ ಮುಖಗಳನ್ನು ಒಂದೊಂದಾಗಿ ನೋಡಿ ಒಳಗೆ ಹೋದರು.

ಕೆಲಸ ಹೋಯಿತೆಂದುಕೊಂಡೇ ಗುಮಾಸ್ತ ಸಂಜೆ ಮ್ಯಾನೇಜರರ ಮುಂದೆ ನಿಂತು, ಹರಕುಮುರುಕು ಇಂಗ್ಲಿಷಿನಲ್ಲಿ ತಪ್ಪೊಪ್ಪಿಕೊಂಡ. 'ನೈಸ್' ಅಂದದ್ದು 'ಐಸ್' ಅಂತ ಕೇಳಿಸಿತು, ಕ್ಷಮಿಸಬೇಕು.

ಮ್ಯಾನೇಜರ್ ಹುಬ್ಬೇರಿಸಿದರು. ತಾನು ಹೇಳಿದ್ದು ಐಸ್ ಬಾಕ್ಸೇ! ನಾಳಿನ ಬೀಳ್ಕೊಡುಗೆ ಕೂಟಕ್ಕೆ ತಂಪು ಪಾನೀಯ ಇಡಲು. ಈ ಆಫೀಸಿನಲ್ಲಿ ನನ್ನ ಮಾತು ಸರಿಯಾಗಿ ಕೇಳಿಸಿಕೊಂಡವನು ನೀನೊಬ್ಬನೇ ಎಂದು ಬೆನ್ನು ತಟ್ಟಿದರು.

ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಧೈರ್ಯ ತಂದುಕೊಂಡು ಆ ಕುರ್ಚಿಯ ಮಾತೆತ್ತಿದ.

ಮ್ಯಾನೇಜರ್ ಕೂಟ ರದ್ದಾಗಿದೆಯೆಂದು ಹೇಳಿ ಒಂದು ಕಾಗದ ಮುಂದಿಟ್ಟರು. ಆಗಷ್ಟೇ ಸ್ಟೋರ್ ಕೀಪರರಿಂದ ಬಂದದ್ದು. "ನನ್ನನ್ನು ಕಂಡರೆ ಇಲ್ಲಿ ಯಾರಿಗೂ ಆಗದು ಎಂದುಕೊಂಡಿದ್ದೆ. ಇಂದು ನನ್ನ ಗುಮಾಸ್ತ ಬಾಗಿಲಲ್ಲಿ ನಿಂತು ಮಗುವಿನಂತೆ ಅತ್ತ. ಇಂಥವರನ್ನು ಬಿಟ್ಟು ಹೇಗೆ ಹೋಗಲಿ? ದಯವಿಟ್ಟು ಇನ್ನೆರಡು ವರ್ಷ ಸೇವೆ ಮುಂದುವರಿಸಲು ಅನುಮತಿ ಕೊಡಿ."

ಕೆಳಗೆ ಮ್ಯಾನೇಜರರ ಸಹಿಯೂ ಬಿದ್ದಿತ್ತು.