ಅಕ್ಕನ ಲಾಗಿನ್ನಿನಲ್ಲಿ ಹರಿದ ನದಿ

ನದಿಮಟ್ಟ ಗಣನಾ ಕೇಂದ್ರಕ್ಕೆ ಹನ್ನೊಂದು ಮಂದಿ ವಿಜ್ಞಾನಿಗಳೂ ಒಬ್ಬರು ಗುಡಿಸುವವರೂ ಮಂಜೂರಾಗಿದ್ದಾರೆ. ಈ ಸಂಖ್ಯೆಯಲ್ಲಿ ಇಂದಿಗೂ ಯಾವ ಬದಲಾವಣೆಯೂ ಆಗಿಲ್ಲ. ಯಾರು ಯಾವ ಕೆಲಸ ಮಾಡುತ್ತಾರೆ ಎಂಬುದರಲ್ಲಿ ಮಾತ್ರ ಸ್ವಲ್ಪ ಹೊಂದಾಣಿಕೆಯಾಗಿದೆ. ಅದು ಹೇಗಾಯಿತೆಂಬುದನ್ನು ಕೇಂದ್ರದ ನಡಾವಳಿ ಬರೆಯುವ ಗುಮಾಸ್ತನಾದ ನಾನು, ಕಂಡದ್ದನ್ನು ಕಂಡ ಹಾಗೆ, ಇಲ್ಲಿ ದಾಖಲಿಸುತ್ತಿದ್ದೇನೆ.

ನಮ್ಮ ಕೇಂದ್ರದ ಕೆಲಸ ಸರಳ. ನದಿಯ ಮೇಲ್ಭಾಗದಲ್ಲಿ ನೆಟ್ಟಿರುವ ಐದು ಅಳತೆಗಂಬಗಳಿಂದ ಪ್ರತಿದಿನ ಬೆಳಿಗ್ಗೆ ನೀರಿನ ಎತ್ತರ ತಿಳಿದುಬರುತ್ತದೆ. ಆ ಐದು ಅಂಕಿಗಳನ್ನು ಲೆಕ್ಕದ ಸಾಫ್ಟ್‌ವೇರಿಗೆ ಕೊಟ್ಟರೆ, ನಾಳೆ ಊರಿನ ಯಾವ ಬೀದಿಗೆ ಎಷ್ಟು ನೀರು ಬರುತ್ತದೆಂದು ಅದು ಹೇಳುತ್ತದೆ. ನಾವು ಅದಕ್ಕೆ ಸಹಿ ಹಾಕಿ ಕಾಗದ ಹೊರಡಿಸುತ್ತೇವೆ. ಆ ಕಾಗದ ತೋರಿಸಿದರೆ ಗುಡ್ಡದ ಮೇಲಿನ ಶಾಲೆಯ ಬೀಗ ತೆಗೆಯುತ್ತಾರೆ, ಜನರನ್ನು ಸಾಗಿಸಲು ಗಾಡಿ ಬರುತ್ತದೆ. ಕಾಗದವಿಲ್ಲದೆ ಬೀಗವೂ ಅಲ್ಲಾಡುವುದಿಲ್ಲ, ಗಾಡಿಯೂ ಅಲ್ಲಾಡುವುದಿಲ್ಲ. ನೀರು ಮಾತ್ರ ಬರುತ್ತದೆ.

ಒಂದು ಸೋಮವಾರ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ಹನ್ನೊಂದು ಮಂದಿಯೂ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಅದನ್ನು ತೆರೆದರು. ಹನ್ನೊಂದು ಪರದೆಗಳ ಮೇಲೂ ಒಂದೇ ಒಕ್ಕಣೆ ಮೂಡಿತು: "ಸಂರಚನಾ ಕಡತ ಓದಲಾಗಲಿಲ್ಲ. ಅಧಿವೇಶನ ಮುಕ್ತಾಯಗೊಂಡಿದೆ."

ನಿರ್ದೇಶಕರು ಮುಖ ಗಂಟಿಕ್ಕಿಕೊಂಡು ಬಂದರು. "ಮುಕ್ತಾಯ ಮಾಡಿದ್ದು ಯಾರು? ನನ್ನನ್ನ ಒಂದು ಮಾತು ಕೇಳೋದು ಬೇಡ್ವಾ?"

ಯಾರೂ ಮಾಡಿದ್ದಲ್ಲ, ಅದಾಗಿಯೇ ಆದದ್ದು ಎಂದು ಕಂಪ್ಯೂಟರ್ ನೋಡಿಕೊಳ್ಳುವವನು ವಿವರಿಸಿದ. ಇವನನ್ನು ಇಡೀ ಕಚೇರಿ ರೀಸ್ಟಾರ್ಟ್ ಎಂದೇ ಕರೆಯುತ್ತದೆ. ಯಾವ ರೋಗಕ್ಕೂ ಅವನಲ್ಲಿರುವುದು ಅದೊಂದೇ ಔಷಧ. ಅಂದೂ ಅದನ್ನೇ ಕೊಟ್ಟ. ಮೂರು ದಿನ, ದಿನಕ್ಕೆ ಹದಿನಾಲ್ಕು ಸಲ, ಹನ್ನೊಂದು ಕಂಪ್ಯೂಟರುಗಳನ್ನು ಆರಿಸಿ ಹೊತ್ತಿಸಲಾಯಿತು. ಸಾಫ್ಟ್‌ವೇರ್ ಮಾರಿದ ಕಂಪನಿಗೆ ದೂರು ಕೊಟ್ಟೆವು. ಅವರು ದೂರನ್ನು ಸ್ವೀಕರಿಸಿ, ಸಂಖ್ಯೆ ಕೊಟ್ಟು, ಅರ್ಧ ಗಂಟೆಯಲ್ಲೇ "ದೂರುದಾರರು ತೃಪ್ತರಾಗಿದ್ದಾರೆ" ಎಂದು ಮುಚ್ಚಿದರು. ನಾವು ತೃಪ್ತರಾದದ್ದು ನಮಗೆ ಗೊತ್ತಾದದ್ದು ಹೀಗೆ.

ನಾಲ್ಕನೆಯ ದಿನ ಬೆಳಿಗ್ಗೆ ಗುಡಿಸುವ ಅಕ್ಕ ಹಾಜರಿ ಹಾಕಲು ಮೂಲೆಯ ಕಂಪ್ಯೂಟರಿನ ಮುಂದೆ ಕೂತಳು. ಹಾಜರಿ ಪುಸ್ತಕ ಹೋಗಿ ಕಂಪ್ಯೂಟರ್ ಹಾಜರಿ ಬಂದಮೇಲೆ ಆಕೆಗೂ ಒಂದು ಲಾಗಿನ್ ಮಾಡಿಕೊಟ್ಟಿದ್ದರು; ಅದರ ಹೆಸರು "ಗುಡಿಸು-೧". ಹೆಸರು, ಪಾಸ್‌ವರ್ಡ್ ಒತ್ತಿ, ಹಾಜರಿ ಹಾಕಿ, ಮೌಸಿನ ಮೇಲಿನ ಧೂಳು ಒರೆಸುವಾಗ ಬೆರಳು ಎಲ್ಲೋ ತಗುಲಿತು. ಸಾಫ್ಟ್‌ವೇರ್ ತೆರೆದುಕೊಂಡಿತು.

ಹನ್ನೊಂದು ಮಂದಿ ಕುರ್ಚಿ ಬಿಟ್ಟು ಓಡಿಬಂದರು.

"ಅಕ್ಕಾ, ಏನು ಮಾಡಿದ್ರಿ?"

"ಏನೂ ಇಲ್ಲಪ್ಪ. ಒರೆಸಿದೆ."

ಅಂದೇ ಮಧ್ಯಾಹ್ನ ಕಚೇರಿ ಅಧೀಕ್ಷಕರು ಸುತ್ತೋಲೆ ಹೊರಡಿಸಿದರು. "ಎಲ್ಲ ವಿಜ್ಞಾನಿಗಳು ಸಾಫ್ಟ್‌ವೇರ್ ತೆರೆಯುವ ಮುನ್ನ ಮೌಸನ್ನು ಒದ್ದೆ ಬಟ್ಟೆಯಿಂದ ಎಡದಿಂದ ಬಲಕ್ಕೆ ಮೂರು ಸಲ ಒರೆಸತಕ್ಕದ್ದು. ಬಟ್ಟೆಯನ್ನು ಕಚೇರಿಯಿಂದ ಒದಗಿಸಲಾಗುವುದಿಲ್ಲ." ಎರಡು ದಿನ ಎಲ್ಲರೂ ಒರೆಸಿದರು. ಮೌಸುಗಳು ಫಳಫಳ ಹೊಳೆದವು. ನಾಲ್ಕು ಮೌಸುಗಳು ನೀರು ಕುಡಿದು ಕೆಟ್ಟವು.

ಕೊನೆಗೆ ನಿಜ ಕಂಡುಹಿಡಿದದ್ದು ಕೇಂದ್ರದ ಹಿರಿಯ ಗಣಿತಜ್ಞೆ. ಮಾತು ಕಡಿಮೆ, ಕನ್ನಡಕ ದಪ್ಪ. ಯಾವ ಕಂಪ್ಯೂಟರಿನಲ್ಲಿ ಕೂತರೂ ಸರಿ, ಅಕ್ಕನ ಲಾಗಿನ್ನಿನಲ್ಲಾದರೆ ಸಾಫ್ಟ್‌ವೇರ್ ತೆರೆಯುತ್ತದೆ, ಬೇರೆಯವರದರಲ್ಲಿ ಇಲ್ಲ ಎಂದು ಆಕೆ ತೋರಿಸಿದರು. ರೀಸ್ಟಾರ್ಟ್ ತಲೆ ಕೆರೆದುಕೊಂಡು ಕಾರಣವನ್ನೂ ಹೇಳಿದ. ಪ್ರತಿಯೊಬ್ಬ ವಿಜ್ಞಾನಿಯ ಹೆಸರಿನಲ್ಲಿ ಒಂದು ಸೆಟ್ಟಿಂಗ್ಸ್ ಫೋಲ್ಡರ್ ಇದೆ. ಅದರಲ್ಲಿ ಒಂಬತ್ತು ವರ್ಷದ ಹಳೆಯ ಸಂರಚನೆ ತುಂಬಿಕೊಂಡಿದೆ. ಹೊಸ ಆವೃತ್ತಿಗೆ ಅದು ಅರ್ಥವಾಗದೆ ನಿಂತುಬಿಡುತ್ತದೆ. ಅಕ್ಕನ ಲಾಗಿನ್ ಹೊಸದು, ಫೋಲ್ಡರ್ ಖಾಲಿ.

"ಆ ಫೋಲ್ಡರ್ ಅಳಿಸಿದ್ರೆ ಏನಾಗುತ್ತೆ?" ಗಣಿತಜ್ಞೆ ಕೇಳಿದರು.

"ಹೊಸದು ತಾನಾಗೇ ಹುಟ್ಕೊಳ್ಳುತ್ತೆ ಮೇಡಂ."

ಬಾಗಿಲ ಬಳಿ ಪೊರಕೆ ಹಿಡಿದು ನಿಂತಿದ್ದ ಅಕ್ಕ ಹೇಳಿದಳು, "ಮತ್ತೆ ಇನ್ನೇನು? ಹಳೇದನ್ನ ಗುಡಿಸಿ ಹಾಕಿ. ಮೂರು ನಿಮಿಷದ ಕೆಲಸ."

ಅಧೀಕ್ಷಕರು ಗಂಟಲು ಸರಿಮಾಡಿಕೊಂಡರು. ಪರದೆಯೇ ಅದನ್ನು "ಸಂರಚನಾ ಕಡತ" ಎಂದು ಕರೆದಿರುವುದರಿಂದ ಅದು ಕಡತ. ಕಡತ ಅಂದಮೇಲೆ ಕಡತ ನಾಶದ ನಿಯಮ ಅನ್ವಯಿಸುತ್ತದೆ. ಹತ್ತು ವರ್ಷ ತುಂಬದ ಕಡತವನ್ನು ನಾಶಪಡಿಸುವಂತಿಲ್ಲ.

"ಒಂಬತ್ತು ತುಂಬಿದೆಯಲ್ಲ, ಇನ್ನೊಂದು ವರ್ಷ ಕಾಯೋಣ," ಎಂದರು ನಿರ್ದೇಶಕರು.

ರೀಸ್ಟಾರ್ಟ್ ಅಳುಕುತ್ತ ಹೇಳಿದ. "ಸರ್, ಸಾಫ್ಟ್‌ವೇರ್ ತೆರೆಯೋಕೆ ನೋಡಿದಾಗಲೆಲ್ಲ ಅದು 'ತೆರೆಯಲಾಗಲಿಲ್ಲ' ಅಂತ ಆ ಕಡತದಲ್ಲೇ ಬರ್ಕೊಳ್ಳುತ್ತೆ. ತಾರೀಖು ಇವತ್ತಿಂದಾಗುತ್ತೆ."

ಅಧೀಕ್ಷಕರು ಲೆಕ್ಕ ಹಾಕಿದರು. ಕಡತದ ವಯಸ್ಸು ಒಂಬತ್ತು ವರ್ಷವಲ್ಲ, ನಲವತ್ತು ನಿಮಿಷ. ನಾನು ಅದನ್ನು ಬರೆದುಕೊಂಡೆ.

ಆದ್ದರಿಂದ ಇನ್ನು ಮುಂದೆ ಲೆಕ್ಕವೆಲ್ಲ ಗುಡಿಸು-೧ ಲಾಗಿನ್ನಿನಲ್ಲೇ ನಡೆಯಬೇಕೆಂದು ತೀರ್ಮಾನವಾಯಿತು. ಪಾಸ್‌ವರ್ಡ್ ಇನ್ನೊಬ್ಬರಿಗೆ ಹೇಳುವುದು ಅಪರಾಧವಾದ್ದರಿಂದ ಅಕ್ಕನೇ ಕೂರಬೇಕು. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಅಧಿವೇಶನ ಮುಗಿದುಹೋಗುತ್ತದಾದ್ದರಿಂದ ಆಕೆ ಏಳಬಾರದು. ಹಾಗಾದರೆ ಕಸ ಗುಡಿಸುವವರು ಯಾರು? ವಿಜ್ಞಾನಿಗಳು, ಸೇವಾ ಹಿರಿತನದ ಪ್ರಕಾರ, ಸರದಿಯ ಮೇಲೆ. ಹಿರಿತನದಲ್ಲಿ ಮೊದಲಿಗರು ನಿರ್ದೇಶಕರೇ.

ಮೊದಲ ದಿನ ಅವರು ಪೊರಕೆಯನ್ನು ತಲೆಕೆಳಗಾಗಿ ಹಿಡಿದಿದ್ದರು. ಅಕ್ಕ ಪರದೆಯಿಂದ ಕಣ್ಣು ತೆಗೆಯದೆ, "ಸರ್, ಮೂಲೆ ಬಿಟ್ರಿ," ಎಂದಳು. ನಿರ್ದೇಶಕರು ವಾಪಸು ಹೋಗಿ ಮೂಲೆ ಗುಡಿಸಿದರು. ತಿಂಗಳ ವರದಿಯಲ್ಲಿ ನಾನು "ಮೂಲೆಗಳಲ್ಲಿ ತೃಪ್ತಿಕರ ಪ್ರಗತಿ" ಎಂದು ಬರೆದಿದ್ದೇನೆ.

ಅಕ್ಕ ಮೂರು ವಾರದಲ್ಲಿ ಕೆಲಸ ಕಲಿತಳು. ಮೊದಮೊದಲು ಅಂಕಿ ಹೇಳಲು ಒಬ್ಬರು ಪಕ್ಕದಲ್ಲಿ ನಿಲ್ಲಬೇಕಿತ್ತು. ಆಮೇಲೆ ಆಕೆಯೇ, "ಮೂರನೇ ಕಂಬದವನು ನಿನ್ನೆ ಅಂಕೀನೇ ಇವತ್ತೂ ಕಳಿಸಿದಾನೆ, ಹೋಗಿ ನೋಡಿಲ್ಲ ಅನ್ಸುತ್ತೆ, ಫೋನ್ ಮಾಡಿ ಕೇಳಿ," ಎನ್ನತೊಡಗಿದಳು. ಕೇಳಿದರೆ ನಿಜವಾಗಿಯೂ ಹೋಗಿರಲಿಲ್ಲ. ಪ್ರತಿ ವರದಿಯ ಕೆಳಗೆ "ಲೆಕ್ಕ ಮಾಡಿದವರು: ಗುಡಿಸು-೧" ಎಂದು ಅಚ್ಚಾಗುತ್ತಿತ್ತು. ಇದು ಹೊಸದೊಂದು ಗಣಿತ ವಿಧಾನದ ಹೆಸರೆಂದು ತಿಳಿದು, ದೂರದ ವಿಶ್ವವಿದ್ಯಾಲಯವೊಂದು ಉಪನ್ಯಾಸಕ್ಕೆ ಕರೆಯಿತು. ನಿರ್ದೇಶಕರು ಹೋಗಿ ಒಂದು ಗಂಟೆ ಮಾತಾಡಿ ಬಂದರು. ಚಪ್ಪಾಳೆ ಚೆನ್ನಾಗಿತ್ತಂತೆ.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆದಿರುವಾಗ ಮೇಲ್ಭಾಗದಲ್ಲಿ ಮಳೆ ಹಿಡಿಯಿತು.

ಆ ಬೆಳಿಗ್ಗೆ ಐದೂ ಕಂಬಗಳಿಂದ ಬಂದ ಅಂಕಿಗಳು ದೊಡ್ಡವಾಗಿದ್ದವು. ಲೆಕ್ಕ ತಗ್ಗಿನ ಬೀದಿಯಿಂದ ಶುರುವಾಗಿ ಒಂದೊಂದೇ ಬೀದಿಯಾಗಿ ಮೇಲಕ್ಕೆ ಹೋಗುತ್ತದೆ. ಎಲ್ಲ ಮುಗಿಯಲು ಐದು ಗಂಟೆ ಬೇಕು. ಮೊದಲ ಸಾಲು ಹನ್ನೊಂದು ಗಂಟೆಗೆ ಬಂತು: "ಕೆಳಬೀದಿ, ನಾಳೆ ನಸುಕಿಗೆ, ನಾಲ್ಕು ಅಡಿ."

ಅಕ್ಕ ಅದನ್ನು ಎರಡು ಸಲ ಓದಿದಳು. ಆಕೆಯ ಮನೆ ಕೆಳಬೀದಿಯಲ್ಲಿ ಐದನೆಯದು. ಮನೆಯಲ್ಲಿ ಅತ್ತೆ ಇದ್ದರು. ಸೊಂಟ ಮುರಿದು ಎರಡು ವರ್ಷವಾಗಿತ್ತು, ಬಾಯಿ ಮಾತ್ರ ಗಟ್ಟಿಯಿತ್ತು.

"ಸರ್, ಇದು ನಮ್ಮ ಬೀದಿ. ಈಗಲೇ ಕಾಗದ ಕೊಡಿ. ಇನ್ನೂರು ಜನ ಇದಾರೆ."

ಅಧೀಕ್ಷಕರು ಸಾಲನ್ನು ಓದಿ, ಕನ್ನಡಕ ತೆಗೆದರು. "ನಿಮ್ಮ ಬೀದಿ ಅಂತೀರಿ. ಲೆಕ್ಕ ಮಾಡಿದವರು ಯಾರು?"

"ನಾನೇ."

"ಅದೇ ತೊಂದರೆ ನೋಡಿ. ಸ್ವಂತ ಹಿತಾಸಕ್ತಿ ಇರೋ ವಿಷಯದಲ್ಲಿ ನೌಕರರು ಲೆಕ್ಕ ಮಾಡೋ ಹಾಗಿಲ್ಲ. ಈ ಸಾಲು ಊರ್ಜಿತ ಆಗಲ್ಲ. ಬೇರೆಯವರ ಹೆಸರಲ್ಲಿ ಬರಲಿ, ತಕ್ಷಣ ಮೊಹರು ಹಾಕ್ತೀನಿ."

"ಬೇರೆಯವರ ಹೆಸರಲ್ಲಿ ಇದು ತೆರೆಯೋದೇ ಇಲ್ವಲ್ಲ ಸರ್!"

"ಅದು ತಾಂತ್ರಿಕ ವಿಷಯ. ನನಗೆ ಅದರಲ್ಲಿ ತಿಳುವಳಿಕೆ ಇಲ್ಲ."

ಪ್ರಕಟಣೆಗೆ ಮುಂಚೆ ಫಲಿತಾಂಶ ಹೊರಗೆ ಹೋಗಬಾರದೆಂದು ಎಲ್ಲರ ಫೋನುಗಳನ್ನೂ ಅಧೀಕ್ಷಕರ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಲಾಗಿತ್ತು. ಎದ್ದು ಓಡಿಹೋಗೋಣವೆಂದರೆ ಅಧಿವೇಶನ ಮುಗಿದು ಮಿಕ್ಕ ಬೀದಿಗಳ ಲೆಕ್ಕ ನಿಂತುಹೋಗುತ್ತದೆ. ಓಡಿಹೋದರೂ ಕಾಗದವಿಲ್ಲದೆ ಶಾಲೆಯ ಬೀಗ ತೆಗೆಯುವವರಿಲ್ಲ. ಅಕ್ಕ ಕೂತಲ್ಲೇ ಕೂತಿದ್ದಳು. ಬಾಗಿಲ ಕಡೆ ನೋಡುತ್ತ ಮೌಸನ್ನು ಸುಮ್ಮನೆ ಆಚೀಚೆ ಎಳೆಯುತ್ತಿದ್ದಳು. ಮೌಸ್ ಅಲ್ಲಾಡುತ್ತಿದ್ದುದರಿಂದ ಅಧಿವೇಶನಕ್ಕೆ ಅದರಿಂದ ಅನುಕೂಲವೇ ಆಯಿತು.

ಸ್ವಲ್ಪ ಹೊತ್ತಿನ ಮೇಲೆ ಹಿರಿಯ ಗಣಿತಜ್ಞೆ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತರು. ಮೌಸಿನ ಮೇಲೆ ಕೈಯಿಟ್ಟರು. ಅಕ್ಕ ಅವರ ಮುಖ ನೋಡಿದಳು, ಎದ್ದಳು.

ಅಂದು ಗುಡಿಸುವ ಸರದಿ ನಿರ್ದೇಶಕರದು. ಅವರು ಪಡಸಾಲೆಯಲ್ಲಿ ಬೆನ್ನು ಹಿಡಿದುಕೊಂಡು ನಿಂತಿದ್ದರು.

"ಸರ್, ಪೊರಕೆ ಇಲ್ಲಿ ಕೊಡಿ. ನಿಮ್ಮ ಕೋಣೆ ನಾನು ಗುಡಿಸ್ತೀನಿ."

"ಪುಣ್ಯ ಬರಲಿ ನಿಮಗೆ," ಎಂದು ನಿರ್ದೇಶಕರು ಪೊರಕೆ ಕೊಟ್ಟು ಬೆಂಚಿನ ಮೇಲೆ ಕುಸಿದರು.

ಅಕ್ಕ ಕೋಣೆಗೆ ಹೋದಳು. ಪೊರಕೆಯನ್ನು ಗೋಡೆಗೆ ಒರಗಿಸಿದಳು. ಗುಡಿಸಲು ಏಳುವ ಮುಂಚೆ ಸಾಫ್ಟ್‌ವೇರನ್ನು ಇನ್ನೊಮ್ಮೆ ಒತ್ತಿ ನೋಡಿದ್ದ ನಿರ್ದೇಶಕರ ಕಂಪ್ಯೂಟರ್ ತೆರೆದೇ ಇತ್ತು. ಅವರ ಸೆಟ್ಟಿಂಗ್ಸ್ ಫೋಲ್ಡರನ್ನು ಹುಡುಕಿ ಅಳಿಸಿದಳು. ಸಾಫ್ಟ್‌ವೇರ್ ಒತ್ತಿದಳು, ಒಂದು ಮಾತೂ ಆಡದೆ ತೆರೆದುಕೊಂಡಿತು. ಐದು ಅಂಕಿಗಳು ಬಾಯಿಪಾಠವಾಗಿದ್ದವು. ಕೆಳಬೀದಿ ಒಂದನ್ನೇ ಆರಿಸಿ ಕಾದಳು. ಇಪ್ಪತ್ತು ನಿಮಿಷದಲ್ಲಿ ಕಾಗದ ಹೊರಬಂತು. ಅದನ್ನು ತಂದು ಬೆಂಚಿನ ಮುಂದೆ ಹಿಡಿದಳು.

"ಸರ್, ನಿಮ್ಮ ಲೆಕ್ಕ ಬಂದಿದೆ."

"ನನ್ನದಾ?"

"ಕೆಳಗೆ ಹೆಸರಿದೆ ನೋಡಿ."

ನಿರ್ದೇಶಕರು ನೋಡಿದರು. "ಲೆಕ್ಕ ಮಾಡಿದವರು: ನಿರ್ದೇಶಕರು." ಎಷ್ಟೋ ವಾರಗಳ ಮೇಲೆ ತಮ್ಮ ಪದನಾಮವನ್ನು ಅಲ್ಲಿ ಕಂಡ ಅವರ ಕಣ್ಣು ಮಂಜಾಯಿತು. ಎಷ್ಟು ಅಡಿ, ಯಾವ ಬೀದಿ ಎಂದು ಕೇಳದೆ ಸಹಿ ಹಾಕಿದರು. ಅಧೀಕ್ಷಕರು ಹೆಸರನ್ನು ನೋಡಿ, ಹೇಳಿದ ಮಾತಿಗೆ ತಪ್ಪದೆ ಮೊಹರು ಒತ್ತಿದರು.

ಸಂಜೆಯೊಳಗೆ ಕೆಳಬೀದಿ ಖಾಲಿಯಾಯಿತು. ಅಕ್ಕನ ಅತ್ತೆಯನ್ನು ಇಬ್ಬರು ವಿಜ್ಞಾನಿಗಳು ಕುರ್ಚಿಯ ಸಮೇತ ಎತ್ತಿಕೊಂಡು ಗುಡ್ಡ ಹತ್ತಿದರು. "ನೆಟ್ಟಗೆ ಹಿಡ್ಕೊಳ್ರೋ, ನಾನೇನು ಮೂಟೆನಾ?" ಎಂದು ಆಕೆ ದಾರಿಯುದ್ದಕ್ಕೂ ಬೈದರು. ನಸುಕಿನಲ್ಲಿ ನೀರು ಬಂತು. ನಾಲ್ಕು ಅಡಿ ಎರಡು ಅಂಗುಲ. ಒಂದು ಜೀವವೂ ಹೋಗಲಿಲ್ಲ.

ಸಹಜವಾಗಿಯೇ ವಿಚಾರಣೆ ನಡೆಯಿತು.

"ನೀವು ನಲವತ್ತೇಳು ನಿಮಿಷ ವಯಸ್ಸಿನ ಕಡತವನ್ನ ನಾಶ ಮಾಡಿದ್ದು ನಿಜವೇ?" ಅಧೀಕ್ಷಕರು ಕೇಳಿದರು.

"ಗುಡಿಸಿದೆ ಸರ್. ನನ್ನ ನೇಮಕಾತಿ ಪತ್ರದಲ್ಲಿ ಅದೇ ಕೆಲಸ ಬರ್ದಿರೋದು."

"ಜನ ಉಳಿದರಲ್ಲ," ಎಂದರು ಗಣಿತಜ್ಞೆ. ಕೇಂದ್ರದ ಸಭೆಯೊಂದರಲ್ಲಿ ಅವರು ಯಾರೂ ಕೇಳದೆ ತಾವಾಗಿಯೇ ಆಡಿದ ಮೊದಲ ಮಾತು ಇದು. ವಿಷಯಪಟ್ಟಿಯಲ್ಲಿ ಜನರ ಪ್ರಸ್ತಾಪ ಇಲ್ಲದ್ದರಿಂದ ನಾನು ಅದನ್ನು ನಡಾವಳಿಯಲ್ಲಿ ಬರೆಯಲಿಲ್ಲ.

ತೀರ್ಪು ನಾಲ್ಕು ಭಾಗಗಳಲ್ಲಿ ಬಂತು. ಅಳಿಸಿದ ಕಡತವನ್ನು ಬ್ಯಾಕಪ್ಪಿನಿಂದ ತಂದು ಮೊದಲಿನ ಜಾಗದಲ್ಲೇ ಇಡತಕ್ಕದ್ದು. ರೀಸ್ಟಾರ್ಟ್ ಹಾಗೇ ಮಾಡಿದ, ನಿರ್ದೇಶಕರ ಸಾಫ್ಟ್‌ವೇರ್ ಮತ್ತೆ ನಿಂತಿತು, ದಾಖಲೆ ಸುರಕ್ಷಿತವಾಯಿತು. ಅಧಿಕಾರ ಮೀರಿ ಗುಡಿಸಿದ್ದಕ್ಕಾಗಿ ಅಕ್ಕನಿಂದ ಗುಡಿಸುವ ಅಧಿಕಾರವನ್ನು ಶಾಶ್ವತವಾಗಿ ಹಿಂಪಡೆಯಲಾಯಿತು. ಶಿಕ್ಷೆಯ ರೂಪದಲ್ಲಿ ಆಕೆ ನಿವೃತ್ತಿಯವರೆಗೆ ಗುಡಿಸುವವರ ಹುದ್ದೆಯಲ್ಲೇ ಇದ್ದು ನದಿಯ ಲೆಕ್ಕ ಮಾಡತಕ್ಕದ್ದು. ವಿಜ್ಞಾನಿಗಳು ಸರದಿಯನ್ನು ಮುಂದುವರಿಸತಕ್ಕದ್ದು. ಈಗ ಅವರ ಕೈ ಪಳಗಿದೆ. ಇಬ್ಬರಂತೂ ಬಡ್ತಿಯ ಅರ್ಜಿಯಲ್ಲಿ ಅದನ್ನೂ ನಮೂದಿಸಿದ್ದಾರೆ.

ಉಳಿದದ್ದು ಹಿತಾಸಕ್ತಿಯ ಪ್ರಶ್ನೆ. ಅಕ್ಕನ ಬೀದಿ ಪಟ್ಟಿಯಲ್ಲಿರುವ ತನಕ ಅದು ಮತ್ತೆ ಮತ್ತೆ ತಲೆಯೆತ್ತುತ್ತದೆ. ಬಹಳ ಚರ್ಚೆಯ ನಂತರ ಸಾಫ್ಟ್‌ವೇರಿನ ಬೀದಿಗಳ ಪಟ್ಟಿಯಿಂದ ಕೆಳಬೀದಿಯನ್ನೇ ತೆಗೆದುಹಾಕಲಾಯಿತು. ಇದಕ್ಕೆ ಹತ್ತು ವರ್ಷ ಕಾಯಬೇಕಾಗಲಿಲ್ಲ, ಸಮಿತಿ ಬೇಕಾಗಲಿಲ್ಲ. ನಿಯಮ ಇರುವುದು ಕಡತಗಳ ನಾಶಕ್ಕೆ, ಬೀದಿಗಳ ನಾಶಕ್ಕಲ್ಲ. ಒಂದು ನಿಮಿಷದಲ್ಲಿ ಕೆಲಸ ಮುಗಿಯಿತು. ಆದೇಶವನ್ನು ಕೆಳಬೀದಿಯ ಮನೆಮನೆಗೆ ಹಂಚಿದೆವು. ಜನ ಓದಿ, ಗೋಣು ಆಡಿಸಿ, ಸಹಿ ಮಾಡಿಕೊಟ್ಟರು. ಒಳ್ಳೆಯ ಜನ.

ಐದನೆಯ ಮನೆಗೆ ನಾನೇ ಹೋಗಿದ್ದೆ. ಅಕ್ಕನ ಅತ್ತೆ ಮಂಚದ ಮೇಲೆ ಕೂತು ನನ್ನಿಂದ ಪೂರ್ತಿ ಓದಿಸಿಕೊಂಡರು. ಗೋಡೆಯ ಮೇಲೆ ಅವರ ಭುಜದ ಎತ್ತರಕ್ಕೆ ನೀರಿನ ಗೆರೆ ಇನ್ನೂ ಒದ್ದೆಯಾಗಿತ್ತು.

"ಅಂದ್ರೆ ಇನ್ನು ಈ ಬೀದಿ ಇಲ್ಲ ಅನ್ನಿ."

"ಇಲ್ಲ ಅಮ್ಮ."

"ಆಗಲಿ. ನದಿಗೂ ಹೇಳಿದೀರಾ?"

ಪ್ರಶ್ನೆ ಸಮಂಜಸವಾಗಿದ್ದುದರಿಂದ ಬರೆದುಕೊಂಡು ಬಂದು ಅಧೀಕ್ಷಕರ ಮುಂದಿಟ್ಟೆ. ಅವರು ಲೋಪವನ್ನು ಒಪ್ಪಿಕೊಂಡು ಅಂದೇ ಸರಿಪಡಿಸಿದರು. ಆದೇಶದ ಒಂದು ಪ್ರತಿಯನ್ನು ಎಲ್ಲರ ಸಮಕ್ಷಮದಲ್ಲಿ ಮೊಹರು ಹಾಕಿ ನದಿಗೆ ಬಿಡಲಾಯಿತು. ಆಕ್ಷೇಪಣೆ ಸಲ್ಲಿಸಲು ಮೂವತ್ತು ದಿನ ಕೊಟ್ಟಿದ್ದೆವು. ಅವಧಿ ಮುಗಿದಿದೆ, ಆ ಕಡೆಯಿಂದ ಯಾವ ಆಕ್ಷೇಪಣೆಯೂ ಬಂದಿಲ್ಲ.