ಬೀಜಕ್ಕೆ ಬಿಟ್ಟ ಹೀರೆಕಾಯಿ

ಅಮರಗುಂಡಪ್ಪನ ಆ ದಿನದ ಫಜೀತಿಗೆಲ್ಲ ಕಾರಣ ಮೊಳದುದ್ದದ ಒಂದು ಹಳೆಯ ಧೋತರದ ತುಂಡು. ಅದನ್ನು ಕಟ್ಟಿದವನು ತಾನೇ ಆದ್ದರಿಂದ ಪಾಪ, ಬೇರೆ ಯಾರನ್ನೂ ಬಯ್ಯುವಂತಿರಲಿಲ್ಲ.

ಕಚೇರಿಯ ವ್ಯವಹಾರವೆಲ್ಲ ಉರ್ದುವಿನಲ್ಲೇ ನಡೆಯುತ್ತಿದ್ದ ಆ ಕಾಲದಲ್ಲಿ, ಲಿಂಗಸುಗೂರಿನ ತಹಶೀಲು ಕಚೇರಿಯಲ್ಲಿ ಅವನು ನಕಲು ಬರೆಯುವ ಗುಮಾಸ್ತ. ದಿನವಿಡೀ ಉರ್ದು ಕಾಗದಗಳನ್ನು ಬಲದಿಂದ ಎಡಕ್ಕೆ ಬರೆದು ಮನೆಗೆ ಬಂದರೆ ಚಪ್ಪಲಿಯನ್ನೂ ಅದಲು ಬದಲು ಬಿಡುತ್ತಿದ್ದ. ಆಳು ಗಿಡ್ಡ, ಮನಸ್ಸು ಮೆತ್ತಗೆ. ಹೆಂಡತಿ ಗುರುಲಿಂಗಮ್ಮ ಅವನಿಗಿಂತ ಗೇಣುದ್ದ ಎತ್ತರ. ಅವಳಿಗೆ ಈಗ ಏಳು ತಿಂಗಳು. ಬಯಕೆಯ ದಿನಗಳಲ್ಲಿ ಒಮ್ಮೆ ಅವಳು, "ಎಳೀ ಹೀರಿಕಾಯಿ ಪಲ್ಲೆ ಉಣಬೇಕ ಅನಸ್ತೈತ್ರಿ" ಎಂದಿದ್ದಳು. ಸುಡು ಬೇಸಿಗೆಯಲ್ಲಿ ಊರ ಸಂತೆಯಲ್ಲಿ ಉಳ್ಳಾಗಡ್ಡೆ ಬಿಟ್ಟರೆ ಬೇರೆ ಕಾಯಿಪಲ್ಲೆಯ ಮುಖ ಕಾಣುತ್ತಿರಲಿಲ್ಲ. ಅಮರಗುಂಡಪ್ಪ ಹಿತ್ತಲಿನ ಬಚ್ಚಲ ಮೋರಿಯ ಬಾಯಿಗೆ ನಾಲ್ಕು ಬೀಜ ಊರಿದ. ಬಳ್ಳಿಯೇನೋ ಹಂದರ ತುಂಬ ಹಬ್ಬಿತು. ಆದರೆ ಹೂವೆಲ್ಲ ಬಿಸಿಲಿಗೆ ಉದುರಿ, ಉಳಿದದ್ದು ಒಂದೇ ಒಂದು ಕಾಯಿ.

ಒಂದು ಕಾಯಿ, ಸುತ್ತ ನೂರು ಕಣ್ಣು. ಅದಕ್ಕೇ ಅವನು ಉಪಾಯ ಮಾಡಿದ. ಬೀಜಕ್ಕೆ ಬಿಟ್ಟ ಕಾಯಿಗೆ ಅರಿವೆ ಕಟ್ಟುವುದು ಆ ಕಡೆಯ ರೂಢಿ. ಅರಿವೆ ಕಂಡರೆ ಕಳ್ಳನೂ ಅದಕ್ಕೆ ಕೈ ಹಚ್ಚುವುದಿಲ್ಲ. ಕಾಯಿ ಬೆರಳುದ್ದ ಇದ್ದಾಗಲೇ ಧೋತರದ ತುಂಡನ್ನು ಚೀಲದಂತೆ ಸಡಿಲವಾಗಿ ಸುತ್ತಿ, ಮೇಲೆ ಹಂದರದ ಕೋಲಿಗೆ ಕಟ್ಟಿಬಿಟ್ಟ.

ಉಪಾಯ ಬೇಕಾದ್ದಕ್ಕಿಂತ ಹೆಚ್ಚು ಫಲಿಸಿತು. ಎಡಮಗ್ಗುಲ ಮನೆಯ ಮುದುಕಿ ಯಂಕಮ್ಮ, "ಮಳಿಗಾಲಕ್ಕ ನನಗ ಎಂಟು ಬೀಜ ಇಡಪಾ" ಎಂದಳು. ಬಲಮಗ್ಗುಲ ಸರ್ದಾರಬಿ ಹತ್ತು ಕೇಳಿದಳು. ಕೇಳಿ ಸುಮ್ಮನಾದರೆ? ದಿನಾ ತಮ್ಮ ಪಾತ್ರೆ ತೊಳೆದ ನೀರನ್ನೂ ಗೋಡೆಯ ಮೇಲಿಂದ ಬಳ್ಳಿಗೆ ಸುರಿದರು. ನೀರಿಗೆ ಅಷ್ಟು ಬರವಿದ್ದ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಹತ್ತು ದಿನದಲ್ಲಿ ಕಾಯಿ ಇಡೀ ಓಣಿಯದಾಯಿತು.

ಅಂದು ಶುಕ್ರವಾರ, ಕಚೇರಿಗೆ ಜುಮ್ಮಾ ನಮಾಜಿನ ರಜೆ. ಸಂಜೆ ಬಿಸಿಲು ಇಳಿದ ಮೇಲೆ ಗುರುಲಿಂಗಮ್ಮ ಬಾಣಂತನಕ್ಕೆ ತವರೂರು ಮಸ್ಕಿಗೆ ಹೊರಡುವವಳು. ಕರೆದೊಯ್ಯಲು ತಮ್ಮ ಆದೆಪ್ಪ ಬಂಡಿ ತರುತ್ತಾನೆ. ಅಷ್ಟರೊಳಗೆ ಗುಟ್ಟಾಗಿ ಕಾಯಿ ಕೊಯ್ದು, ತನ್ನ ಕೈಯಾರೆ ಪಲ್ಯ ಮಾಡಿ ಹೆಂಡತಿಗೆ ಉಣಿಸಬೇಕೆಂದು ಅಮರಗುಂಡಪ್ಪ ಹಟ ತೊಟ್ಟಿದ್ದ. ಈ ಸಂಜೆ ತಪ್ಪಿದರೆ ಆಮೇಲೆ ಕಾಯಿಯೂ ಬಲಿಯುತ್ತದೆ, ಅವಳೂ ಇರುವುದಿಲ್ಲ.

"ಆದೆಪ್ಪ ಬರ್ತಾನ, ನಾಕು ಹೋಳಿಗಿ ಮಾಡು" ಎಂದ, ಅವಳನ್ನು ಒಲೆಯ ಮುಂದೆ ಕೂರಿಸುವ ಹುನ್ನಾರದಿಂದ.

"ಲಟ್ಟಣಿಗಿ ಎಲ್ಲೇತೋ ಏನೋ, ಸಿಗವಲ್ದು. ರೊಟ್ಟಿ ಬಡೀತೀನಿ ತಗೋರಿ" ಎಂದು ಅವಳು ಒಳಗೆ ಹೋದಳು.

ಅವನು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಹತ್ತಿದ. ಕೈ ಅರಿವೆಗೆ ತಾಗುವಷ್ಟರಲ್ಲಿ ಮಾಳಿಗೆಯ ಮೇಲಿಂದ ದನಿ ಬಂತು.

"ಯಾಕಪಾ, ಬೀಜದ ಕಾಯಿಗೆ ಕೈ ಹಾಕಾಕತ್ತೀ?"

ಯಂಕಮ್ಮ ಸಂಡಿಗೆ ಕಾಯುತ್ತ ಕೂತಿದ್ದಳು. ಸಂಡಿಗೆ ಒಣಗಿ ಮೂರು ದಿನವಾಗಿತ್ತು, ಅವಳಿಗೆ ಕಾಯುವ ಚಟ ಮಾತ್ರ ಬಿಟ್ಟಿರಲಿಲ್ಲ.

"ಇಲ್ಲಬೇ, ಇರಿವಿ ಹತ್ಯಾವೇನು ನೋಡಾಕತ್ತೀನಿ" ಎಂದ. ಅದೇ ಹೊತ್ತಿಗೆ ಬುಟ್ಟಿ ಕುಸಿದು, ಸೊಂಟದವರೆಗೆ ಅದರೊಳಗೆ ಇಳಿದ.

ಸದ್ದು ಕೇಳಿ ಸರ್ದಾರಬಿ ಗೋಡೆಯ ಮೇಲೆ ತಲೆ ಎತ್ತಿದಳು. "ತೋಬಾ ತೋಬಾ! ಮನ್ಯಾಗ ಬಸುರಿ ಹೆಣಮಗಳು ಅದಾಳ. ಬೀಜದ ಕಾಯಿ ಕಿತ್ತೀಯೇನೋ ಬೇಟಾ? ಹಂಗ ಮಾಡಬಾರದು!"

ಅಮರಗುಂಡಪ್ಪ ಪೇಚಿಗೆ ಬಿದ್ದ. ತಾನು ಕಟ್ಟಿದ್ದು ಸುಳ್ಳು ಅರಿವೆ ಎಂದು ಹೇಳಿದರೆ, ಇಷ್ಟು ದಿನ ನೀರು ಸುರಿದ ಈ ಹೆಂಗಸರಿಗೆ ಮುಖ ತೋರಿಸುವುದು ಹೇಗೆ? ಬುಟ್ಟಿ ಕಳಚಿಕೊಂಡು ಒಳಗೆ ಹೋದ.

ಯಂಕಮ್ಮ ಅಷ್ಟಕ್ಕೇ ಬಿಡಲಿಲ್ಲ. ಹಂದರಕ್ಕೆ ತಾಗಿದ್ದ ಮಾಳಿಗೆಯ ಅಂಚಿಗೆ ಬಂದು, ಕೈ ಇಳಿಬಿಟ್ಟು, ಅರಿವೆಯ ಮೇಲಿಂದಲೇ ಕಾಯಿ ಹಿಚುಕಿ ನೋಡಿ ಓಣಿಗೆಲ್ಲ ಕೇಳುವಂತೆ ಸಾರಿದಳು. "ಸರ್ದಾರಬೀ, ಕಲ್ಲು ಆದಂಗ ಆಗೇತಿ ಬೇ! ಬೀಜ ಚಲೋ ಬಲತಾವು!"

ಅಮರಗುಂಡಪ್ಪನಿಗೆ ಅಳುವೇ ಬಂತು. ನಿನ್ನೆ ಮುಟ್ಟಿದಾಗ ಬೆಣ್ಣೆಯಂತಿತ್ತು, ಒಂದೇ ರಾತ್ರಿಗೆ ಕಲ್ಲಾಯಿತೇ? ಹೊತ್ತು ಹೋದಂತೆ ಇನ್ನೂ ನಾರಾದರೆ ಗತಿಯೇನು?

ಮಧ್ಯಾಹ್ನ ಗುರುಲಿಂಗಮ್ಮ ತಾಟು ಇಟ್ಟಳು. ಅವನ ಕಣ್ಣೆಲ್ಲ ಹಿತ್ತಲ ಬಾಗಿಲಿನಾಚೆಯ ಮಾಳಿಗೆಯ ಮೇಲೆ. ಮುದುಕಿ ಯಾವಾಗ ತೂಕಡಿಸುತ್ತಾಳೆ, ಸರ್ದಾರಬಿಯ ಗಂಡ ಖಾದರಬಾಷಾ ನಮಾಜಿನಿಂದ ಯಾವಾಗ ಬರುತ್ತಾನೆ ಎಂದು ಲೆಕ್ಕ ಹಾಕುತ್ತಲೇ ರೊಟ್ಟಿ ಮುರಿದು ಮುರಿದು ಬಾಯಿಗಿಟ್ಟ.

"ಹ್ಯಾಂಗ ಆಗೇತ್ರಿ?" ಎಂದಳು ಹೆಂಡತಿ, ಎದುರಿಗೆ ಕೂತು.

"ಹ್ಞೂಂ? ಉಪ್ಪು ಚೂರು ಕಡಿಮಿ."

"ಇನ್ನಷ್ಟು ಹಾಕ್ಲೇನು?"

"ಹಾಕು" ಎಂದ, ಮಾಳಿಗೆಯಿಂದ ಕಣ್ಣು ತೆಗೆಯದೆ. ಅವಳು ಬೋಗುಣಿ ಬಳಿದು ಬಡಿಸಿ, ಅವನು ಉಣ್ಣುವುದನ್ನೇ ನೋಡುತ್ತ ಕೂತಳು.

ಊಟವಾದ ಮೇಲೆ ಮತ್ತೆ ಎರಡು ಸಲ ಹೋದ. ಮೊದಲ ಸಲ ಸರ್ದಾರಬಿಯ ಆಡು ಗೋಡೆಯ ಮೇಲೆ ನಿಂತು ಬಾಯಿ ಮಾಡಿತು. ಎರಡನೆಯ ಸಲ ನಮಾಜು ಮುಗಿಸಿ ಬಂದ ಖಾದರಬಾಷಾ, "ಬೀಜ ಕಾಯಾಕತ್ತೀಯೇನು? ನಾನೂ ಕೂಡ್ತೀನಿ ಬಾ" ಎಂದು ಗೋಡೆ ದಾಟಿ ಬಂದು, ಬಳ್ಳಿಯ ನೆರಳಲ್ಲಿ ಬೀಡಿ ಹಚ್ಚಿ ಕೂತುಬಿಟ್ಟ. ಬಿಸಿಲು ಇಳಿಯುವವರೆಗೂ ಏಳಲಿಲ್ಲ.

ಆದೆಪ್ಪನ ಬಂಡಿ ಬಂದೇ ಬಂತು. ಗಂಟು ಮೂಟೆ ಏರಿದವು. ಬೀಳ್ಕೊಡಲು ಯಂಕಮ್ಮ ಮಾಳಿಗೆ ಇಳಿದು ಬಂದಳು, ಸರ್ದಾರಬಿ ಬಸುರಿಯ ಮಡಿಲಿಗೆ ಖರ್ಜೂರ ಹಾಕಿದಳು. ಗುರುಲಿಂಗಮ್ಮ ಎಲ್ಲರೊಡನೆ ಹಿತ್ತಲಿಗೆ ಬಂದು ಬಳ್ಳಿಗೆ ಕೊನೆಯದಾಗಿ ಒಂದು ತಂಬಿಗೆ ನೀರು ಹಾಕಿದಳು. ಅದನ್ನು ನೋಡಿ ಅಮರಗುಂಡಪ್ಪನಿಗೆ ಇನ್ನು ತಡೆಯಲಾಗಲಿಲ್ಲ.

"ಎಲ್ಲಾರೂ ಕೇಳ್ರಿ! ಇದು ಬೀಜದ ಕಾಯಿ ಅಲ್ಲ. ನಾ ಸುಳ್ಳು ಹೇಳೀನಿ. ಈಕಿ ಬಾಯಾಗ ಒಂದು ತುತ್ತು ಬೀಳ್ಲಿ ಅಂತ ಅರಿವಿ ಕಟ್ಟಿದ್ದೆ. ಬಯ್ಯೋದಿದ್ರ ನನಗ ಬಯ್ಯಿರಿ. ಈಗ ಕೊಯ್ಯಾವನ!"

ಮೊದಲು ಕರಗಿದವಳು ಯಂಕಮ್ಮ. "ಹುಚ್ಚಪ್ಪಾ, ಮೊದಲ ಹೇಳಿದ್ರ ನಾನ ಪಲ್ಲೆ ಮಾಡಿ ಕೊಡ್ತಿದ್ದೆ" ಎಂದು ಕಣ್ಣೊರೆಸಿಕೊಂಡಳು. ಖಾದರಬಾಷಾ ಅವನನ್ನು ಸೊಂಟ ಹಿಡಿದು ಎತ್ತಿದ. ಅಮರಗುಂಡಪ್ಪ ಗೆದ್ದ ಹುಮ್ಮಸ್ಸಿನಲ್ಲಿ ಗಂಟು ಬಿಚ್ಚಿದ.

ಅರಿವೆಯೊಳಗಿಂದ ಜಾರಿದ್ದು ಖಾದರಬಾಷಾನ ಕಾಲ ಮೇಲೆ ಠಣ್ಣೆಂದು ಬಿತ್ತು. "ಯಾ ಅಲ್ಲಾ!" ಎಂದು ಅವನು ಅಮರಗುಂಡಪ್ಪನನ್ನು ಕೈಬಿಟ್ಟ.

ನೆಲದ ಮೇಲೆ ಬಿದ್ದಿದ್ದವರು ಇಬ್ಬರು. ಒಬ್ಬ ಅಮರಗುಂಡಪ್ಪ, ಇನ್ನೊಂದು ಮನೆಯ ಲಟ್ಟಣಿಗೆ.

ಸರ್ದಾರಬಿ ಯಂಕಮ್ಮನ ಕಡೆ ನೋಡಿ, "ಬೀಜ ಚಲೋ ಬಲತಾವ ಬಿಡವ್ವಾ" ಎಂದಳು.

ಎಲ್ಲರ ಕಣ್ಣೂ ಗುರುಲಿಂಗಮ್ಮನ ಮೇಲೆ ತಿರುಗಿದವು. ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಹೇಳಿದಳು. "ನಸುಕಿನ್ಯಾಗ ನಾನ ಕೊಯ್ದೆ. ಇವರು ಕಟ್ಟಿದ್ದು ಸುಳ್ಳು ಅರಿವಿ ಅಂತ ನನಗ ಅವತ್ತ ತಿಳಿದಿತ್ತು. ಒಂದು ತಿಂಗಳಿಂದ ಬಳ್ಳಿ ಮುಂದ ನಿಂತು ನಿಂತು ಸೊರಗ್ಯಾರ. ಇನ್ನ ಐದಾರು ತಿಂಗಳು ಇವರಿಗೆ ಯಾರು ಮಾಡಿ ಹಾಕ್ತಾರ? ಹೋಗೂ ಮುಂಚೆ ಬಿಸಿ ಪಲ್ಲೆ ಇವರ ಉಣ್ಲಿ ಅಂತ ಮಧ್ಯಾಹ್ನ ಬಡಿಸಿದೆ."

ಅಮರಗುಂಡಪ್ಪ ನೆಲದ ಮೇಲೆ ಕೂತೇ ಬಾಯಿ ತೆರೆದ. "ನಾ... ಉಂಡೆನೇನು?"

"ಬೋಗುಣಿ ಬಳಿದು ಹಾಕಿದ್ನಲ್ರಿ."

"ನೀ?"

"ಒಂದ ಕಾಯಿ. ಇಬ್ಬರಿಗೆ ಎಲ್ಲಿ ಆಗ್ತೈತ್ರಿ?"

"ಸಿಪ್ಪಿ? ಸಿಪ್ಪಿ ಚಟ್ನಿನಾದ್ರೂ ಮಾಡಿರಬೇಕಲ್ಲ?" ಎಂದು ಅವನು ಕೊನೆಯ ಆಸೆಯಿಂದ ಎದ್ದು ನಿಂತ.

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಆದೆಪ್ಪ ಬಾಯಿ ಒರೆಸಿಕೊಂಡ. "ಆ ಚಟ್ನಿ ಏನ್ರಿ ಮಾಮಾ? ಬಂದ ಕೂಡ್ಲೆ ನಾಕು ರೊಟ್ಟಿಗೆ ಹಚ್ಚಿಕೊಂಡು ಉಂಡೆ. ಭಾರಿ ಆಗಿತ್ತು."

ಬಂಡಿ ಹೊರಟಿತು. ಅಮರಗುಂಡಪ್ಪ ಲಟ್ಟಣಿಗೆಯನ್ನು ಕೈಯಲ್ಲೇ ಹಿಡಿದು ಓಣಿಯ ತುದಿಯವರೆಗೂ ಪಕ್ಕದಲ್ಲಿ ನಡೆದ. ತಿಂಗಳುಗಟ್ಟಲೆ ನೀರೆರೆದ ಬಳ್ಳಿಯ ಕಾಯಿ ತನ್ನ ಹೊಟ್ಟೆಯಲ್ಲೇ ಇದ್ದರೂ ನಾಲಿಗೆಗೆ ಅದರ ನೆನಪೇ ಇರಲಿಲ್ಲ. ಹೆಂಡತಿಯ ಮೇಲೆ ಮಾತ್ರ ಅವನಿಗೆ ಪ್ರೀತಿ ಉಕ್ಕಿ ಬಂತು.

ಗುರುಲಿಂಗಮ್ಮ ಬಂಡಿಯಿಂದ ಬಾಗಿ ಮೆಲ್ಲಗೆ ಕೇಳಿದಳು. "ನಾ ಒಂದು ಹೋಳೂ ಬಾಯಿಗೆ ಹಾಕ್ಕೊಳ್ಳಿಲ್ಲ. ನಮ್ಮ ಹಿತ್ತಲದ ಕಾಯಿ, ರುಚಿ ಹ್ಯಾಂಗಿತ್ತು ಹೇಳ್ರಿ. ಮಸ್ಕಿ ತನಕ ಅದನ್ನ ನೆನಸ್ಕೊಂತ ಹೋಗ್ತೀನಿ."

ಅಮರಗುಂಡಪ್ಪ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ಯಂಕಮ್ಮನ ಮಾಳಿಗೆ ಕಂಡಿತು, ಆಡು ಕಂಡಿತು, ಖಾದರಬಾಷಾನ ಬೀಡಿ ಕಂಡಿತು. ಪಲ್ಯ ಮಾತ್ರ ಕಾಣಲಿಲ್ಲ. ಹೆಂಡತಿ ಉತ್ತರಕ್ಕಾಗಿ ಅವನ ಮುಖವನ್ನೇ ನೋಡುತ್ತಿದ್ದಳು. ಇವಳ ಮುಂದೆ ಇನ್ನೊಂದು ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ನೆನಪಿನಲ್ಲಿ ಉಳಿದಿದ್ದ ಒಂದೇ ಒಂದು ನಿಜವನ್ನು ಹೇಳಿದ.

"ಉಪ್ಪು ಚೂರು ಕಡಿಮಿ ಇತ್ತು."