ಗಚ್ಚಿಯ ಮೇಲೆ ಎರಡನೆಯ ಸೂರ್ಯ

ಕೆಲವರ ಬಾಗಿಲಿಗೆ ಬೇಡುವವರು ಬರುತ್ತಾರೆ, ಕೆಲವರ ಬಾಗಿಲಿಗೆ ಮಾರುವವರು. ನನ್ನ ಬಾಗಿಲಿಗೆ ಮಾತ್ರ ಲೋಕೋದ್ಧಾರ ಮಾಡುವವರೇ ಬರುತ್ತಾರೆ. ಪೂರ್ವಜನ್ಮದ ಪುಣ್ಯವೋ ಏನೋ, ನಾನಾಗಿ ಹುಡುಕಿಕೊಂಡು ಹೋದದ್ದಲ್ಲ. ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ, ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಅಂಗಡಿಯ ಗಾದಿಯ ಮೇಲೆ ಆಯುಷ್ಯ ಸವೆಸಿ, ಈಗ ಧನಕವಡಿಯ ಫ್ಲ್ಯಾಟಿನಲ್ಲಿ ರಾಮ ಕೃಷ್ಣ ಅನ್ನುತ್ತ ಕೂತವನು ನಾನು. ಅಂಥವನ ಪಾಲಿಗೆ ಹೋದ ವರ್ಷ ಬಂದದ್ದು ಪರಮಾಣು ಸಂಲಯನ. ಆ ಶಬ್ದ ನನ್ನ ಬಾಯಲ್ಲಿ ಸರಿಯಾಗಿ ಕೂರಲಿಕ್ಕೇ ಎರಡು ಏಕಾದಶಿ ಕಳೆದವು.

೧. ಇರೂದು ಸಾಲವಲ್ದೇನ್ರಿ?

ನಮ್ಮ ಕಟ್ಟಡದ ಗಚ್ಚಿಯ ಕೀಲಿ ನನ್ನ ಹತ್ತಿರ ಇರುತ್ತಿತ್ತು. ದಿನಾ ಬೆಳಗ್ಗೆ ಸ್ನಾನ ಮುಗಿಸಿ ಅಲ್ಲಿ ಹತ್ತಿ ಸೂರ್ಯನಾರಾಯಣನಿಗೆ ಅರ್ಘ್ಯ ಕೊಡುವುದು ನನ್ನ ನೇಮ. ಗಚ್ಚಿಯ ಮೇಲೆ ನೀರಿನ ಟಾಕಿಯ ಪಕ್ಕದಲ್ಲಿ ಒಂದು ಖಾಲಿ ಖೋಲಿ. ಒಂದು ದಿನ ಅದನ್ನು ಕೇಳಿಕೊಂಡು ಎರಡನೆಯ ಮಜಲೆಯ ಮಾಸ್ತರರು ಮೇಲೆ ಹತ್ತಿ ಬಂದರು. ಗಣಿತ ಕಲಿಸಿ ನಿವೃತ್ತರಾದವರು, ನಮ್ಮ ವಿಜಾಪುರದ ಕಡೆಯವರೇ.

"ರವಿವಾರಕ್ಕೊಮ್ಮೆ ಈ ಖೋಲಿ ಕೊಡ್ರಿ. ಮೂರು ಮಂದಿ ಕೂತು ವಿಚಾರ ಮಾಡ್ತೀವಿ."

"ಏನು ವಿಚಾರ್ರೀ?"

"ಭೂಮಿ ಮ್ಯಾಲೆ ಸಣ್ಣದೊಂದು ಸೂರ್ಯ ಹ್ಯಾಂಗ ಮಾಡೂದು ಅಂತ."

ನನ್ನ ಕೈಯಲ್ಲಿ ಅರ್ಘ್ಯದ ತಂಬಿಗೆ ಇತ್ತು. ಆಕಾಶ ನೋಡಿದೆ, ಮಾಸ್ತರರನ್ನು ನೋಡಿದೆ. "ಇರೂದು ಸಾಲವಲ್ದೇನ್ರಿ?" ಅಂದೆ.

ಅವರು ಸಾವಧಾನವಾಗಿ ತಿಳಿಸಿ ಹೇಳಿದರು. "ಹಗುರಾದ ಎರಡು ಕಣ ಅದಾವ ಅಂತ ತಿಳೀರಿ. ಎರಡರದೂ ಒಂದೇ ಗುಣ. ಹಿಂಗಾಗಿ ಒಂದನ್ನೊಂದು ದೂರ ತಳ್ಳತಾವ. ಭಾಳ ಕಾಯಿಸಿ ಕೂಡಿಸಿದ್ರ ಅಂಟಿಕೊಂಡು ಒಂದಾಗ್ತಾವ. ಆವಾಗ ಎಂಥಾ ಶಕ್ತಿ ಹೊರಗ ಬರ್ತದ ಅಂತೀರಿ!"

"ತಿಳೀತ್ರಿ. ಇಬ್ಬರು ವಾರಗಿತ್ತಿಯರನ್ನ ಒಂದೇ ಒಲಿ ಮುಂದ ಕುಂದ್ರಿಸಿದಂಗ."

"ಹಾಂ. ಆದ್ರ ಅವರು ಒಂದಾಗಬೇಕು."

"ಅದs ಆಗೂದಿಲ್ಲಲ್ರೀ ಮಾಸ್ತರ."

"ಜಗತ್ತಿನ ವಿಜ್ಞಾನಿಗಳ ತ್ರಾಸೂ ಅದs ಅದ," ಅಂದರು ಮಾಸ್ತರರು, ನಗದೆ.

ಖೋಲಿ ಕೊಟ್ಟೆ. ಖರೆ ಹೇಳಬೇಕೆಂದರೆ ವಿಜ್ಞಾನದ ಮೇಲಿನ ಪ್ರೀತಿಗಲ್ಲ. ಮನೆಯಲ್ಲಿ ಮಾಸ್ತರರು ಬಾಯಿ ತೆರೆದರೆ ಮಗ ಫೋನ್ ಬಂತೆಂದು ಎದ್ದು ಹೋಗುತ್ತಾನೆ, ಮೊಮ್ಮಗಳು ಕಿವಿಗೆ ಬಟನ್ ಸಿಕ್ಕಿಸಿಕೊಳ್ಳುತ್ತಾಳೆ. ಕರಿಹಲಗೆಯ ಮುಂದೆ ನಿಂತು ಒಂದು ಮಾತನ್ನು ಪೂರ್ತಿ ಮುಗಿಸಲು ಅವರಿಗೆ ಈ ಪುಣೆಯಲ್ಲಿ ಉಳಿದದ್ದು ಆ ಖೋಲಿ ಒಂದೇ. ಸೂರ್ಯ ಆದರೆ ಆಗಲಿ, ಬಿಟ್ಟರೆ ಬಿಡಲಿ, ಮಾಸ್ತರರಿಗೆ ರವಿವಾರವೊಂದು ಆಯಿತಲ್ಲ ಅಂದುಕೊಂಡೆ.

೨. ಕೋಡಬಳೆಯ ವಾದ

ಉಳಿದಿಬ್ಬರಲ್ಲಿ ಒಬ್ಬರು ಕಾತ್ರಜದ ರಸ್ತೆಯಲ್ಲಿ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟವರು. ಇನ್ನೊಬ್ಬ ನಮ್ಮ ಕಟ್ಟಡದಲ್ಲೇ ಬಾಡಿಗೆಗಿರುವ ಬೆಂಗಳೂರಿನ ಸಾಫ್ಟ್‌ವೇರ್ ಇಂಜಿನಿಯರ್. ಕಾದ ಕಣಗಳನ್ನು ಆಯಸ್ಕಾಂತದ ಬಲದಿಂದ ಗಾಳಿಯಲ್ಲೇ ಹಿಡಿದಿಡಬೇಕಂತೆ. ಹಿಡಿದಿಡುವ ಯಂತ್ರದ ಆಕಾರ ಯಾವುದು ಅನ್ನುವಲ್ಲಿ ಮೂವರಿಗೂ ಜಗಳ.

ಆ ರವಿವಾರ ನಮ್ಮ ಮನೆಯಾಕೆ ಒಂದು ಡಬ್ಬಿ ಕೋಡಬಳೆ ಕಳಿಸಿದ್ದಳು. ಮಾಸ್ತರರು ಒಂದನ್ನು ಎತ್ತಿ ಹಿಡಿದು, "ಇದs ನೋಡ್ರಿ ಯಂತ್ರ! ಹಿಂಗ ದುಂಡಗ ಬಳಿ ಇದ್ದಂಗ ಇರಬೇಕು" ಅಂದರು.

"ಇಲ್ಲ ಸಾರ್, ಟ್ವಿಸ್ಟ್ ಆಗಿರ್ಬೇಕು," ಎಂದು ಸಾಫ್ಟ್‌ವೇರಿನವ ಇನ್ನೊಂದನ್ನು ತಿರುಚಲು ಹೋದ. ಅದು ಪಟ್ಟನೆ ಮುರಿಯಿತು.

"ನೋಡಪಾ, ನಿನ್ನ ಡಿಸೈನ್ ತಡೀಲಿಲ್ಲ."

"ಡಿಸೈನ್ ಸರಿ ಇದೆ ಸಾರ್. ಮೆಟೀರಿಯಲ್ ಪ್ರಾಬ್ಲಮ್."

ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ನಮ್ಮಾಕೆಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ದೂರು ಯಾರ ಮೇಲೆ ಬಂತೆಂದು ತಿಳಿಯಲು ಯಾವ ಭಾಷೆಯೂ ಬೇಕಾಗುವುದಿಲ್ಲ. "ನನ್ನ ಹಿಟ್ಟಿಗೆ ಹೆಸರಿಡಬ್ಯಾಡ ತಮ್ಮಾ. ಕರದ ಮ್ಯಾಲೆ ತಿರುವಿದ್ರ ಮುರೀದs ಏನ ಮಾಡ್ತದ?"

ಈ ಗದ್ದಲದಲ್ಲಿ ಮಾಸ್ತರರು ಮೇಜಿನ ಮೇಲಿಟ್ಟಿದ್ದ ತಮ್ಮ ದುಂಡನೆಯ ಮಾದರಿಗಾಗಿ ತಡಕಾಡಿದರು. ಅದು ಇರಲಿಲ್ಲ. ತಂತಿ ಸುತ್ತುವವರು ಬಾಯಿ ಒರೆಸಿಕೊಳ್ಳುತ್ತಿದ್ದರು. "ದುಂಡಂದೂ ಚಲೋ ಅದರೀ. ಆದ್ರ ಒಂಚೂರು ಖಾರ ಹೆಚ್ಚಾಗೇದ."

೩. ಹಿಡಿಯುವುದು ಹೇಗೆ

"ಹತ್ತು ಕೋಟಿ ಡಿಗ್ರಿ!" ಎಂದು ಮಾಸ್ತರರು ಹಲಗೆಯ ಮೇಲೆ ಸೊನ್ನೆಗಳನ್ನು ಸುತ್ತುತ್ತಿದ್ದರು. ಅಷ್ಟು ಕಾದದ್ದು ಗೋಡೆಗೆ ತಾಗದಂತೆ ಹಿಡಿಯುವುದು ದೊಡ್ಡ ಮಾತೇ ಅಲ್ಲ ಎಂದು ಮೂವರೂ ಮೂರು ಉಪಾಯ ಹೇಳಿದರು. ಅಷ್ಟರಲ್ಲಿ ಸ್ಟೀಲಿನ ಲೋಟದಲ್ಲಿ ಚಹಾ ಬಂತು. ಮಾಸ್ತರರು ಧೋತರದ ಚುಂಗು ಹುಡುಕಿದರು. ತಂತಿಯವರು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತ ಕುಣಿದರು. ಸಾಫ್ಟ್‌ವೇರಿನವ ಅರ್ಧ ಚಹಾ ಚೆಲ್ಲಿ, "ಅಂಕಲ್, ಹಿಡ್ಕೊಳ್ಳೋಕೆ ಏನಾದ್ರೂ ಇದ್ಯಾ?" ಅಂದ.

"ಆಯಸ್ಕಾಂತ ತರ್ಲೇನಪಾ?" ಅಂದೆ.

ಅದೇ ದಿನ ಮಾಸ್ತರರನ್ನು ಇನ್ನೊಂದು ಮಾತು ಕೇಳಿದೆ. "ಇದೆಲ್ಲಾ ಯಾವಾಗ ಸಿದ್ಧ ಆಗ್ತದರೀ?"

"ಇನ್ನ ಮೂವತ್ತು ವರ್ಷ."

"ಯಾರು ಹೇಳ್ಯಾರ?"

"ನಾ ಕಾಲೇಜಿನ್ಯಾಗ ಇದ್ದಾಗ ನಮ್ಮ ಗುರುಗಳು ಹೇಳಿದ್ರು."

ಮಾಸ್ತರರಿಗೆ ಈಗ ಎಪ್ಪತ್ತರ ಮೇಲೆ. ಮನಸ್ಸಿನಲ್ಲೇ ಕೈಮುಗಿದೆ. ಇಷ್ಟು ವರ್ಷವಾದರೂ ಹೇಳಿದ ಅವಧಿಯಲ್ಲಿ ಒಂದು ದಿನವನ್ನೂ ಕಡಿಮೆ ಮಾಡದವರು ಈ ಕಲಿಯುಗದಲ್ಲಿ ಎಲ್ಲಿ ಸಿಗುತ್ತಾರೆ!

೪. ಏನೂ ಆಗುವುದಿಲ್ಲ

ಮೂವರ ಜಗಳ ಕೆಳಗಿನ ಮನೆಗಳಿಗೂ ಕೇಳಿಸಿತು. ಅದರಲ್ಲಿ 'ಪರಮಾಣು' ಎಂಬ ಒಂದೇ ಶಬ್ದ ಎಲ್ಲರಿಗೂ ತಿಳಿಯಿತು. ಒಣಹಾಕಿದ್ದ ಹಪ್ಪಳ ಗಚ್ಚಿಯಿಂದ ಇಳಿದವು. ಸೊಸಾಯಿಟಿಯ ಅಧ್ಯಕ್ಷರು, ಎಲ್ಲದಕ್ಕೂ ಸಭೆ ಕರೆಯುವ ಮರಾಠಿ ಗೃಹಸ್ಥರು, ರವಿವಾರ ಸಭೆ ಕರೆದರು. ಖೋಲಿ ಖಾಲಿ ಮಾಡಿಸುವುದೊಂದೇ ವಿಷಯ.

ಮಾಸ್ತರರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನು ಮೂವರನ್ನೂ ಕೂಡಿಸಿ ಬುದ್ಧಿ ಹೇಳಿದೆ. "ನಾಕು ಮಾತು ಸೋತು ಖೋಲಿ ಉಳಿಸಿಕೊಳ್ರಿ. ಅವರು ಏನು ಕೇಳಿದ್ರೂ ಇಲ್ಲ ಅನ್ರಿ, ಮುಗೀತು."

ಸಭೆಯಲ್ಲಿ ಅಧ್ಯಕ್ಷರು ಮರಾಠಿಯಲ್ಲಿ ಒಂದೊಂದಾಗಿ ಕೇಳಿದರು. ಸ್ಫೋಟ ಆಗುತ್ತದೆಯೇ? "ನಾಹೀ," ಇಲ್ಲ ಅಂದರು ಮಾಸ್ತರರು. ವಿಷದ ಕಿರಣ ಬರುತ್ತದೆಯೇ? "ನಾಹೀ." ಬೆಂಕಿ, ಹೊಗೆ, ಲೈಟ್ ಬಿಲ್ಲು? "ನಾಹೀ, ನಾಹೀ."

"ಹಾಗಾದರೆ ಆಗುವುದೇನು?"

ಮಾಸ್ತರರು ನನ್ನ ಮುಖ ನೋಡಿದರು. ನಾನು ಕಣ್ಣುಸನ್ನೆ ಮಾಡಿದೆ. "ಕಾಹೀಚ್ ನಾಹೀ," ಏನೂ ಇಲ್ಲ ಅಂದರು.

ಅಧ್ಯಕ್ಷರ ಮುಖ ಅರಳಿತು. "ಇದನ್ನು ಮೊದಲೇ ಹೇಳಬಾರದೇ? ನಾನು ಏನೋ ಆಗುತ್ತದೆ ಅಂತ ಹೆದರಿದ್ದೆ. ಇವರು ಮೂವರು ಇನ್ನೂ ಮೂವತ್ತು ವರ್ಷ ಕೂತರೂ ಏನೂ ಆಗುವುದಿಲ್ಲ. ಖುಷಿಯಿಂದ ಕೂತುಕೊಳ್ಳಲಿ!" ಸಭೆ ಗೊಳ್ಳೆಂದು ನಕ್ಕಿತು.

ಖೋಲಿ ಉಳಿಯಿತು ಎಂದು ನಾನು ಉಸಿರು ಬಿಟ್ಟೆ. ಮಾಸ್ತರರು ಎದ್ದು ನಿಂತರು.

"ಏನೂ ಆಗಂಗಿಲ್ಲ ಅಂದವ್ರು ಯಾರು?" ಸಿಟ್ಟಿನಲ್ಲಿ ಮೊದಲು ಕನ್ನಡ ಬಂತು, ಆಮೇಲೆ ಮರಾಠಿ. "ನಮ್ಮ ಯಂತ್ರ ಸುರು ಆದರೆ ಅದರ ಕಣಗಳು ಈ ಸ್ಲ್ಯಾಬ್ ತೂರಿ ನಿಮ್ಮ ಮಲಗುವ ಖೋಲಿಗೇ ಬರುತ್ತವೆ!"

"ಹೌದು! ಕಾಂಕ್ರೀಟ್ ಗೋಡೆ ಎಷ್ಟು ದಪ್ಪ ಇದ್ರೂ ಸಾಲಲ್ಲ!" ಎಂದು ಸಾಫ್ಟ್‌ವೇರಿನವ ಎದ್ದ.

"ಇಡೀ ಧನಕವಡಿ ಲೈಟ್ ಹೋಗ್ತದ!" ಎಂದು ತಂತಿಯವರು ಕೈ ಎತ್ತಿದರು.

ಒಂದು ವರ್ಷ ಒಂದು ಮಾತಿಗೂ ಕೂಡದ ಮೂವರು ಅಲ್ಲಿ, ನನ್ನ ಕಣ್ಣೆದುರು, ಅಂಟಿಕೊಂಡು ಒಂದಾದರು. ಆಗ ಹೊರಗೆ ಬಂದ ಶಕ್ತಿಯನ್ನು ಯಾವ ಆಯಸ್ಕಾಂತವೂ ಹಿಡಿಯುವಂತಿರಲಿಲ್ಲ. ಖೋಲಿಗಷ್ಟೇ ಅಲ್ಲ, ಇಡೀ ಗಚ್ಚಿಗೇ ಬೀಗ ಬಿತ್ತು. ಕೀಲಿ ಅಧ್ಯಕ್ಷರ ಕಿಸೆ ಸೇರಿತು.

೫. ಸೂರ್ಯನಿಗಾಗಿ

ಮರುದಿನ ಬೆಳಗ್ಗೆ ಮಡಿ ಉಟ್ಟು, ತಂಬಿಗೆ ಹಿಡಿದು, ಅಧ್ಯಕ್ಷರ ಬಾಗಿಲು ತಟ್ಟಿದೆ. ಗಚ್ಚಿಯ ಕೀಲಿ ಬೇಕಿತ್ತು ಎಂದೆ.

"ಕಶಾಲಾ?" ಯಾತಕ್ಕೆ ಎಂದು ಕೇಳಿದರು, ನಿದ್ದೆಗಣ್ಣಲ್ಲಿ.

ದೇವರ ಕೆಲಸಕ್ಕೆ ಹೊರಟಾಗ ಸುಳ್ಳಾಡಬಾರದು. "ಸೂರ್ಯಾಸಾಠೀ," ಸೂರ್ಯನಿಗಾಗಿ ಎಂದೆ.

ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಹಾಕಿದ ಸದ್ದೂ ಕೇಳಿತು.

ಈಗ ನಾನು ಅಡುಗೆಮನೆಯ ಬಾಲ್ಕನಿಯಲ್ಲಿ ನಿಂತು ಪಕ್ಕದ ಕಟ್ಟಡದ ಎಸಿ ಡಬ್ಬಿಗೆ ಮುಖ ಮಾಡಿ ಅರ್ಘ್ಯ ಕೊಡುತ್ತೇನೆ. ಅದರ ಹಿಂದೆ ಎಲ್ಲೋ ಸೂರ್ಯನಾರಾಯಣ ಇದ್ದಾನೆ ಎಂಬ ನಂಬಿಕೆ. ರವಿವಾರ ಮೂವರೂ ನಮ್ಮ ಹಾಲ್‌ನಲ್ಲೇ ಕೂಡುತ್ತಾರೆ. ಕರಿಹಲಗೆ ದೇವರ ಜಗಲಿಯ ಪಕ್ಕಕ್ಕೆ ಬಂದಿದೆ. ಮಾಸ್ತರರು ಮೊದಲಿಗಿಂತ ಗಟ್ಟಿಯಾಗಿ ಮಾತಾಡುತ್ತಾರೆ, ಎರಡು ಹೊತ್ತು ಉಣ್ಣುತ್ತಾರೆ.

ಮೊನ್ನೆ ನನ್ನ ಎಸಿ ಡಬ್ಬಿಯ ಪೂಜೆಯನ್ನು ಕಂಡು ಅವರಿಗೆ ಭಾಳ ಕೆಟ್ಟೆನಿಸಿತು. ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟರು.

"ನಮ್ಮಿಂದ ನಿಮಗ ಸೂರ್ಯ ಇಲ್ಲದಂಗ ಆತು. ಆದ್ರ ಚಿಂತಿ ಮಾಡಬ್ಯಾಡ್ರಿ. ಮೂವತ್ತು ವರ್ಷ ತಡೀರಿ, ನಿಮ್ಮ ಹಾಲ್‌ನ್ಯಾಗs ಒಂದು ಮಾಡಿ ಕೊಡ್ತೀವಿ."